ರಾಮಧಾನ್ಯಚರಿತೆಯ ಸೆರೆಮನೆ: ಒಂದು ವಿಚಾರ

ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ಸಾಮಾಜಿಕ ವೈಷಮ್ಯದ ಅನ್ಯೋಕ್ತಿಯೆಂದು ಓದುವುದು ರೂಢಿಯಾಗಿದೆ. ವ್ರೀಹಿ, ಎಂದರೆ ಬತ್ತ, ಯಜ್ಞಕ್ಕೂ ಮಂಗಳಕಾರ್ಯಕ್ಕೂ ಸಲ್ಲುವುದು ತಾನೇ ಎಂದು ಬೀಗುತ್ತದೆ. ನರೆದಲಗ, ಎಂದರೆ ರಾಗಿ, ಬಡವರ ಹಸಿವನ್ನು ನೀಗುವುದು ತಾನೆಂದು ಉತ್ತರಿಸುತ್ತದೆ. ಈ ವಾದದಲ್ಲಿ ಮೇಲುಕೀಳಿನ ಸಮಾಜವೇ ಮಾತನಾಡುತ್ತಿದೆಯೆಂಬುದು ನಿಸ್ಸಂದೇಹ. ಆದರೆ ಧಾನ್ಯವನ್ನು ಬರಿಯ ಸಂಕೇತವೆಂದೆಣಿಸಿದರೆ ಕಾವ್ಯದ ಅರ್ಧವನ್ನು ಕೈಬಿಟ್ಟಂತಾಗುವುದೆಂದು ತೋರುತ್ತದೆ.

ಏಕೆಂದರೆ ಇಲ್ಲಿಯ ವ್ಯಾಜ್ಯವು ತೀರ್ಮಾನವಾಗುವುದು ವಾಕ್ಚಾತುರ್ಯದಿಂದಲ್ಲ. ಗೌತಮನು ನರೆದಲಗದ ಪಕ್ಷ ವಹಿಸಿದರೂ ರಾಮನು ಅದನ್ನೇ ತೀರ್ಪೆಂದು ಗ್ರಹಿಸದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತೀರಿದಾಗ ಬತ್ತ ಕಂದಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ. ಇದು ಕಣಜದ ಪರೀಕ್ಷೆ. ರಾಗಿಯ ಸಣ್ಣ ಕಾಳಿಗೆ ಹುಳು ಸುಲಭವಾಗಿ ಹತ್ತದು. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಬರಗಾಲದಲ್ಲಿ ತೆಗೆದು ಉಂಡ ಒಕ್ಕಲು ಮಕ್ಕಳ ಅನುಭವವೇ ಇಲ್ಲಿ ಕಥೆಯಾಗಿದೆ.

ಕಾಗಿನೆಲೆಯ ಸೀಮೆಗೆ ದೂರವಲ್ಲದ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಈ ಕಾವ್ಯದ ಪಕ್ಕದಲ್ಲಿಟ್ಟು ನೋಡಬಹುದು. ಹೊನ್ನಾಳಿ ಮತ್ತು ಅದರಿಂದ ಬೇರೆಯಾದ ನ್ಯಾಮತಿಯಲ್ಲಿ ನೀರು ದೊರೆತೆಡೆ ಬತ್ತ, ಉಳಿದೆಡೆ ಮೆಕ್ಕೆಜೋಳ. ಚನ್ನಗಿರಿಯಲ್ಲಿ ಅಡಕೆಯ ತೋಟ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ರಾಗಿ, ಜೋಳ, ನವಣೆಗಳಿದ್ದ ಹೊಲಗಳಿಗೂ ಮೆಕ್ಕೆಜೋಳ ಹಬ್ಬಿದೆ. ಅಡಕೆ ಆಹಾರವಲ್ಲ, ಮೆಕ್ಕೆಜೋಳದ ಹೆಚ್ಚಿನ ಪಾಲು ಕೋಳಿಯ ಮೇವಿಗೂ ಪಿಷ್ಟದ ಕಾರ್ಖಾನೆಗೂ ಸಲ್ಲುತ್ತದೆ. ರಾಮನ ಸಭೆಯಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಅನ್ನವೇ ಆಗಿದ್ದರು. ಇಂದಿನ ಹೊಲದಲ್ಲಿ ಗೆದ್ದವರು ಆ ಸಭೆಗೆ ಬಂದವರೇ ಅಲ್ಲ. ಇದಕ್ಕಾಗಿ ಬೇಸಾಯಗಾರನನ್ನು ದೂಷಿಸುವುದು ಅನುಚಿತ. ಅವನ ಸಾಲ ತೀರುವುದು ಹಣದಿಂದಲೇ ಹೊರತು ಪ್ರಶಂಸೆಯಿಂದಲ್ಲ.

ಕಾವ್ಯದ ಕೊನೆಯಲ್ಲಿ ರಾಮನು ನರೆದಲಗಕ್ಕೆ ತನ್ನ ‘ರಾಘವ’ ನಾಮವನ್ನೇ ಕೊಡುತ್ತಾನೆ. ನಮ್ಮ ಕಾಲದಲ್ಲಿಯೂ ಇಂತಹ ನಾಮಕರಣವೊಂದು ನಡೆದಿದೆ. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಲ್ಲಿ ‘ಒರಟು ಧಾನ್ಯ’ದ ಸಾಲಿಗೆ ಸೇರಿದ್ದ ರಾಗಿ ಜೋಳಗಳನ್ನು ಕೇಂದ್ರ ಸರ್ಕಾರವು ೨೦೧೮ರಲ್ಲಿ ‘ಪೌಷ್ಟಿಕ ಧಾನ್ಯ’ಗಳೆಂದು ಘೋಷಿಸಿತು. ಹೆಸರು ಅನ್ವರ್ಥವೇ ಸರಿ: ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೆ ಮೀರಿದ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದಂಶವೂ ಇಲ್ಲ. ಆದರೆ ಕನಕದಾಸರಲ್ಲಿ ಮೊದಲು ಕಣಜ, ಅನಂತರ ಬಿರುದು. ನಾವು ಬಿರುದನ್ನಿತ್ತು ಕಣಜವನ್ನು ಮರೆತಿದ್ದೇವೆ.

ಕಾವ್ಯಕ್ಕೂ ಒಂದು ಮಿತಿಯುಂಟು. ಧಾನ್ಯಗಳಲ್ಲಿ ಶ್ರೇಷ್ಠವಾವುದು ಎಂಬ ಪ್ರಶ್ನೆ ಸಭೆಗೆ ಒಪ್ಪುತ್ತದೆ, ಊಟಕ್ಕೆ ಒಪ್ಪದು. ಮುದ್ದೆಗೆ ಅವರೆ ತೊಗರಿಗಳೂ ಸೊಪ್ಪೂ ಬೇಕು. ಜಗಳೂರಿನ ರಾಗಿ ಜೋಳವೂ ಹೊನ್ನಾಳಿಯ ಅಕ್ಕಿಯೂ ಆಯಾ ಸೀಮೆಯ ಶಾಲೆಯ ಬಿಸಿಯೂಟಕ್ಕೆ, ವಿದ್ಯಾರ್ಥಿನಿಲಯದ ಪಂಕ್ತಿಗೆ ನ್ಯಾಯವಾದ ಬೆಲೆಯಲ್ಲಿ ಸೇರುವಂತಾದರೆ ವ್ರೀಹಿ ನರೆದಲಗಗಳ ವ್ಯಾಜ್ಯ ನಿಜವಾಗಿ ತೀರಿದಂತೆ. ಅಲ್ಲಿಯವರೆಗೆ ಈ ಕಾವ್ಯವನ್ನು ಪಾಠ ಹೇಳುವವರು ಅನ್ಯೋಕ್ತಿಯೊಂದಿಗೆ ಉಕ್ತಿಯನ್ನೂ ವಿವರಿಸುವುದು ಅವಶ್ಯ.