ಒಥೆಲೋ: ಕರವಸ್ತ್ರ ಮತ್ತು ಎಮಿಲಿಯಾ

1604ರಲ್ಲಿ ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಪ್ರದರ್ಶಿತವಾದ ಶೇಕ್ಸ್‌ಪಿಯರನ ‘ಒಥೆಲೋ’ ನಾಟಕದಲ್ಲಿ ಪ್ರೇಕ್ಷಕನ ದೃಷ್ಟಿ ಸಹಜವಾಗಿ ಇಯಾಗೋವಿನ ಮೇಲೆಯೇ ನಿಲ್ಲುತ್ತದೆ. ಆದರೆ ಅವನ ವಂಚನೆ ಫಲಿಸುವುದು ಸಜ್ಜನರ ಸಣ್ಣ ಸುಳ್ಳುಗಳಿಂದ.

ಮೂಲವಾದ ಇಟಲಿಯ ಚಿಂಥಿಯೋನ ಕಥೆಯಲ್ಲಿ (1565) ಕರವಸ್ತ್ರವನ್ನು ಕದಿಯುವವನು ಖಳನೇ. ತನ್ನ ಮೂರು ವರ್ಷದ ಮಗಳನ್ನು ನಾಯಕಿಯ ತೋಳಿಗಿತ್ತು ಅದನ್ನು ಅಪಹರಿಸುತ್ತಾನೆ. ಶೇಕ್ಸ್‌ಪಿಯರನು ಆ ಮಗುವನ್ನು ಕೈಬಿಟ್ಟು, ಕೆಳಗೆ ಬಿದ್ದ ವಸ್ತ್ರವನ್ನು ಖಳನ ಪತ್ನಿ ಎಮಿಲಿಯಾಳ ಕೈಗಿತ್ತನು. ಈ ಬದಲಾವಣೆ ಸಾಮಾನ್ಯವಾದುದಲ್ಲ. ಗಂಡನ ಮೆಚ್ಚಿಕೆಗಾಗಿ ಅವಳು ಅದನ್ನು ಒಪ್ಪಿಸುತ್ತಾಳೆ. ಒಡತಿ ಡೆಸ್ಡೆಮೋನ ವಿಚಾರಿಸಿದಾಗ ತಾನರಿಯೆನೆನ್ನುತ್ತಾಳೆ. ಒಥೆಲೋ ಬಂದು ಅದೇ ವಸ್ತ್ರಕ್ಕಾಗಿ ಗರ್ಜಿಸುವಾಗಲೂ ಪಕ್ಕದಲ್ಲಿಯೇ ಮೌನವಾಗಿ ನಿಂತಿರುತ್ತಾಳೆ. ಅವನು ಹೊರಟೊಡನೆ ಅವನ ಮತ್ಸರವನ್ನು ಆಡಿ ತೋರಿಸುವವಳೂ ಅವಳೇ! ಭೀತಳಾದ ಡೆಸ್ಡೆಮೋನಳೂ ವಸ್ತ್ರ ಕಳೆದಿಲ್ಲವೆಂದುಬಿಡುತ್ತಾಳೆ. ಎಂಥ ನಿರಪರಾಧಿಯ ಎಂಥ ಅಸತ್ಯ!

ಎಮಿಲಿಯಾ ಕಡೆಗೆ ನಿಜವನ್ನು ಸಾರಿ ಗಂಡನ ಕತ್ತಿಗೆ ಬಲಿಯಾಗುತ್ತಾಳೆ. ಅವಳ ಆ ಧೈರ್ಯ ಅಪೂರ್ವವಾದುದು, ಆದರೆ ವಿಳಂಬವಾದುದು. ಒಥೆಲೋವಿನದೂ ಇದೇ ವಿಳಂಬ. ಕಣ್ಣಾರೆ ಕಾಣುವ ಸಾಕ್ಷ್ಯ ಬೇಕೆಂದು ಇಯಾಗೋವನ್ನು ಪೀಡಿಸಿದ ಆ ಸೇನಾಪತಿ, ಕರವಸ್ತ್ರ ಹೇಗೆ ದೊರೆಯಿತೆಂದು ಕ್ಯಾಸಿಯೋವನ್ನೇ ಕೇಳುವುದು ಹೆಂಡತಿ ಹೆಣವಾದ ಬಳಿಕ.