ಹಾಸಿಗೆಯ ಪಕ್ಕ ಕೂರುವವರ ಸಂಬಳ

ಬೆಂಗಳೂರಿನ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಬಾಗಿಲು ತೆರೆದಾಗ ಬಳ್ಳಾರಿ ರಸ್ತೆಯ ಆ ಭಾಗ ಇನ್ನೂ ಊರಾಚೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್ ಕಟ್ಟಿದ ಆ ಆಸ್ಪತ್ರೆಯ ಆಡಳಿತ 1989ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಗೆ ಬಂತು. ಇಂಥ ಮಿಷನ್ ಆಸ್ಪತ್ರೆಗಳಲ್ಲಿ ವೈದ್ಯರು, ನರ್ಸ್‌ಗಳ ಜೊತೆಗೆ ಚಾಪ್ಲೇನ್ ಎಂಬವರೂ ಇರುತ್ತಾರೆ. ವಾರ್ಡಿನಿಂದ ವಾರ್ಡಿಗೆ ಹೋಗಿ ರೋಗಿಯ ಪಕ್ಕ ಕೂರುವವರು, ಹೇಳಿದ್ದನ್ನು ಕೇಳಿಸಿಕೊಳ್ಳುವವರು, ಬಯಸಿದರೆ ಪ್ರಾರ್ಥಿಸುವವರು. ಈಗ ಹೆಬ್ಬಾಳ, ಸಹಕಾರನಗರ, ಯಲಹಂಕ, ಯಶವಂತಪುರದಲ್ಲೆಲ್ಲ ದೊಡ್ಡ ಖಾಸಗಿ ಆಸ್ಪತ್ರೆಗಳು ಎದ್ದಿವೆ. ಡಯಟೀಷಿಯನ್ ಇದ್ದಾರೆ, ಫಿಸಿಯೋ ಇದ್ದಾರೆ, ಇನ್ಶೂರೆನ್ಸ್‌ಗೆಂದೇ ಕೌಂಟರ್ ಇದೆ. ಸಾವಿನ ಹತ್ತಿರ ಇರುವವರ ಜೊತೆ ಕೂರುವುದನ್ನೇ ಕೆಲಸವಾಗಿ ಕಲಿತು, ಅದಕ್ಕಾಗಿಯೇ ಸಂಬಳ ಪಡೆಯುವವರು ಮಾತ್ರ ಅಪರೂಪ.

ಈ ಕೆಲಸವನ್ನು ಸೇವೆಯೆಂದು ಕೊಂಡಾಡಿ ಸಂಬಳದ ಮಾತನ್ನು ಪಕ್ಕಕ್ಕಿಡುವ ನಮ್ಮ ರೂಢಿಯಿಂದ ಚಾಪ್ಲೇನ್‌ಗಿಂತ ಹೆಚ್ಚು ನಷ್ಟವಾಗುತ್ತಿರುವುದು ರೋಗಿಗೆ ಎಂಬುದು ನನ್ನ ವಾದ.

ಮೊದಲು ಈ ಕೆಲಸದ ಕಲಿಕೆಯನ್ನು ನೋಡೋಣ. ಅದು ನಾನು ಬಲ್ಲ ಅತ್ಯಂತ ಕಟ್ಟುನಿಟ್ಟಿನ ಕಲಿಕೆಗಳಲ್ಲಿ ಒಂದು. ಆಂಟನ್ ಬಾಯ್ಸನ್ ಎಂಬ ಪಾದ್ರಿ 1920ರ ದಶಕದ ಆರಂಭದಲ್ಲಿ ಸ್ವತಃ ಮನೋರೋಗಿಯಾಗಿ ಆಸ್ಪತ್ರೆಯಲ್ಲಿದ್ದವರು. ಗುಣವಾಗಿ ಬಂದ ಮೇಲೆ 1925ರಲ್ಲಿ ಅಮೆರಿಕದ ವೂಸ್ಟರ್ ಮನೋರೋಗ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆ ತರಬೇತಿಗೆ ಬಿಟ್ಟರು. ಪುಸ್ತಕ ಓದಿದ ಹಾಗೆ ಮನುಷ್ಯರನ್ನೂ ಓದಲು ಕಲಿಯಬೇಕು ಎಂಬುದು ಅವರ ನಿಲುವು. ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ ಹೆಸರಿನಲ್ಲಿ ಬೆಳೆದ ಆ ಪದ್ಧತಿ ವೆಲ್ಲೂರಿಗೂ ಬಂತು, ಬೆಂಗಳೂರಿಗೂ ಬಂತು. ವಾರ್ಡಿನಿಂದ ಹಿಂತಿರುಗಿದ ವಿದ್ಯಾರ್ಥಿ ರೋಗಿಯೊಡನೆ ಆಡಿದ ಮಾತನ್ನೆಲ್ಲ ನೆನಪಿನಿಂದ ಸಾಲುಸಾಲಾಗಿ ಬರೆದು, ಹೆಸರು ಮರೆಸಿ, ಗುಂಪಿನೆದುರು ಓದಬೇಕು. "ಎಲ್ಲ ಸರಿಹೋಗುತ್ತಮ್ಮ, ದೇವರಿದ್ದಾನೆ" ಎಂದು ಬರೆದುಕೊಂಡು ಬಂದಿದ್ದರೆ ಓದು ಅಲ್ಲೇ ನಿಲ್ಲುತ್ತದೆ. ಆಕೆ ಆಗ ಏನು ಹೇಳಲು ಹೊರಟಿದ್ದಳು? ನಡುವೆ ಬಾಯಿ ಹಾಕಲು ನಿನಗೇಕೆ ಅಷ್ಟು ಅವಸರ? ಸಮಾಧಾನ ಬೇಕಿದ್ದದ್ದು ಆಕೆಗೋ ನಿನಗೋ? ಅಮೆರಿಕದಲ್ಲಿ ಇದರ ಒಂದು ಘಟಕಕ್ಕೆ 400 ಗಂಟೆ. ಪೂರ್ಣ ಮಾನ್ಯತೆಗೆ ಇಂಥ ನಾಲ್ಕು ಘಟಕ ಬೇಕು. ಉಪದೇಶ ಮಾಡುವ ಚಟವನ್ನು ಬಿಡಿಸುವುದಕ್ಕೇ ಇದರ ಬಹುಪಾಲು ಹೊತ್ತು ಹೋಗುತ್ತದೆ, ಹೋಗಬೇಕಾದದ್ದೂ ಸರಿ.

ಇಷ್ಟು ಕಲಿತವರಿಗೆ ನಮ್ಮಲ್ಲಿ ಮುಂದಿನ ದಾರಿಯೇನು? 2021ರಲ್ಲಿ ಸಂಸತ್ತು ವೈದ್ಯಕೀಯ ಸಹವರ್ತಿ ವೃತ್ತಿಗಳಿಗೆಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಅನುಸೂಚಿಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇದ್ದಾರೆ, ಎಚ್‌ಐವಿ ಆಪ್ತಸಮಾಲೋಚಕರಿದ್ದಾರೆ, ಮಧುಮೇಹದ ತಿಳಿವಳಿಕೆ ಕೊಡುವವರೂ ಇದ್ದಾರೆ. ಚಾಪ್ಲೇನ್ ಇಲ್ಲ. ಇತ್ತ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ನೀಡುವ ಎನ್‌ಎಬಿಎಚ್ ತನ್ನ ಮಾನದಂಡಗಳಲ್ಲಿ ರೋಗಿಯ ಹಕ್ಕುಗಳನ್ನು ಹೇಳುವಾಗ ಆಧ್ಯಾತ್ಮಿಕ ಅಗತ್ಯಕ್ಕೆ ಸ್ಪಂದಿಸುವುದನ್ನೂ ಸೇರಿಸಿದೆ. ಹಕ್ಕು ಕಾಗದದ ಮೇಲಿದೆ, ಅದನ್ನು ಪೂರೈಸುವ ಹುದ್ದೆ ಇಲ್ಲ. ಹಾಗಾಗಿ ಆ ಹೊರೆ ರಾತ್ರಿ ಪಾಳಿಯ ಸಿಸ್ಟರ್ ಹೆಗಲಿಗೆ ಬೀಳುತ್ತದೆ. ಹತ್ತಾರು ಹಾಸಿಗೆ ನೋಡಿಕೊಳ್ಳುವ ಹುಡುಗಿ, ಡ್ರಿಪ್ ಬದಲಿಸುತ್ತಲೇ ಅಳುವ ಮಗಳ ಭುಜ ಹಿಡಿಯಬೇಕು.

ಹುದ್ದೆ ಇದ್ದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಸಂಬಳ ಕೊಡುವವರು ಯಾರು? ಮಿಷನ್ ಆಸ್ಪತ್ರೆಗಳ ಮೊದಲ ತಲೆಮಾರಿಗೆ ಚಿಕಿತ್ಸೆ, ಸುವಾರ್ತೆ ಎರಡೂ ಒಂದೇ ಕರೆಯ ಭಾಗ. ಅದನ್ನವರು ಮುಚ್ಚಿಡಲೂ ಇಲ್ಲ. ಆದರೆ ಚರ್ಚಿನಿಂದ ಸಂಬಳ ಪಡೆದು ಚರ್ಚಿಗೇ ವರದಿ ಒಪ್ಪಿಸುವವರು ಹಾಸಿಗೆಯ ಬಳಿ ಬಂದರೆ, ದೊಡ್ಡಬಳ್ಳಾಪುರದಿಂದಲೋ ಚಿಕ್ಕಬಳ್ಳಾಪುರದಿಂದಲೋ ಬಂದ ಕುಟುಂಬ ಒಳಗೊಳಗೇ ಅಳುಕುವುದು ಸಹಜ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ತಡೆಯ ಕಾನೂನು ಬಂದ ಮೇಲೆ ಚಾಪ್ಲೇನ್‌ಗೂ ಅಳುಕು. ಎರಡು ಕಡೆಯ ಅಳುಕಿನ ನಡುವೆ ನಿಜವಾದ ಮಾತು ಹುಟ್ಟುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದನ್ನು ಬಿಡಿಸಿದ ರೀತಿ ನನಗೆ ಸರಿಯೆನಿಸುತ್ತದೆ. ಅಲ್ಲಿ ಚಾಪ್ಲೇನ್ ಆಸ್ಪತ್ರೆಯ ನೌಕರ. ನರ್ಸ್‌ಗಳಿಗಿರುವ ವೇತನಶ್ರೇಣಿಯೇ ಅವರಿಗೂ. ಸಾಮಾನ್ಯವಾಗಿ ಆರನೆಯ ಶ್ರೇಣಿ, ತಂಡದ ಮುಖ್ಯಸ್ಥರಾದರೆ ಅದಕ್ಕಿಂತ ಮೇಲೆ. ಮುಸ್ಲಿಮರು, ಹಿಂದೂಗಳು, ಯಾವ ಧರ್ಮವನ್ನೂ ಒಪ್ಪದವರು ಕೂಡ ಆ ತಂಡಗಳಲ್ಲಿದ್ದಾರೆ. ಸಂಬಳ ಆಸ್ಪತ್ರೆಯದಾದಾಗ ನಿಷ್ಠೆ ರೋಗಿಯ ಕಡೆಗಿರಬೇಕೆಂದು ಪಟ್ಟು ಹಿಡಿದು ಕೇಳಬಹುದು, ತಪ್ಪಿದರೆ ಕ್ರಮ ಕೈಗೊಳ್ಳಬಹುದು. ಸಂಬಳವೇ ಕೊಡದೆ ಸ್ವಯಂಸೇವಕರನ್ನು ಒಳಗೆ ಬಿಟ್ಟರೆ ಯಾವ ಶಿಸ್ತನ್ನೂ ಹೇರಲಾಗದು.

ನಮ್ಮವರಿಗೆ ಇದೆಲ್ಲ ಏಕೆ, ಪುರೋಹಿತರಿದ್ದಾರೆ, ಮೌಲ್ವಿಗಳಿದ್ದಾರೆ, ಬಂಧುಬಳಗವಿದೆ ಎನ್ನುವವರಿದ್ದಾರೆ. ಐಸಿಯು ಬಾಗಿಲಲ್ಲಿ ಆ ಮಾತು ನಿಲ್ಲುವುದಿಲ್ಲ. ಬಾಯಿಗೆ ಏನೂ ಕೊಡಬಾರದೆಂದು ಕೇಸ್‌ಶೀಟಿನಲ್ಲಿ ಬರೆದಿದೆ. ಮಗನ ಕೈಯಲ್ಲಿ ಗಂಗಾಜಲದ ಗಿಂಡಿ. ಆರ್.ಟಿ. ನಗರದ ಕುಟುಂಬಕ್ಕೆ ತಂದೆಯ ಮುಖ ಕಿಬ್ಲಾದ, ಅಂದರೆ ಮೆಕ್ಕಾದ ಕಡೆ ತಿರುಗಬೇಕು. ವೆಂಟಿಲೇಟರ್ ಕೊಳವೆ ಅಡ್ಡ. ಡಾಕ್ಟರಿಗೂ ಮನೆಯವರಿಗೂ ನಡುವೆ ನಿಂತು, ತುಟಿಗೆ ಒಂದು ಹನಿ ಸೋಕಿಸಬಹುದೇ ಎಂದು ಕೇಳಿ ಒಪ್ಪಿಸುವುದಕ್ಕೆ ವಾರ್ಡಿನ ಭಾಷೆಯೂ ಗೊತ್ತಿರಬೇಕು, ಮನೆಯ ಭಾಷೆಯೂ ಗೊತ್ತಿರಬೇಕು. ಕನ್ನಡ, ಅದರ ಜೊತೆಗೆ ಈ ಭಾಗದ ತೆಲುಗು, ಉರ್ದು ಬರಬೇಕು. ಇಂಗ್ಲಿಷಿನಲ್ಲಿ ಕಲಿತು ಇಂಗ್ಲಿಷಿನಲ್ಲೇ ಸಂಭಾಷಣೆ ಬರೆಯುವ ತರಬೇತಿ ಇಲ್ಲಿ ಸೋಲುತ್ತದೆ. ಆ ಪದ್ಧತಿಯ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದೇ.

2025ರ ಜನವರಿ 30ರಂದು ಕರ್ನಾಟಕ ಸರ್ಕಾರ, ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಅನುಸರಿಸಿ, ಘನತೆಯಿಂದ ಸಾಯುವ ಹಕ್ಕಿನ ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಮುನ್ನ ಎರಡು ಮಂಡಳಿಗಳು ಒಪ್ಪಬೇಕು. ಒಂದೊಂದರಲ್ಲೂ ಮೂವರು, ಎಲ್ಲರೂ ವೈದ್ಯರೇ. ವೈದ್ಯಕೀಯ ತೀರ್ಮಾನಕ್ಕೆ ಅದು ಸರಿ. ಆದರೆ ಸಹಿ ಹಾಕುವ ಮಗಳು ಕೇಳುವುದು ಬೇರೆಯದನ್ನು: "ಅಪ್ಪನ್ನ ನಾವೇ ಕೊಂದ ಹಾಗಾಗುತ್ತಾ?" ಇದಕ್ಕೆ ರಕ್ತಪರೀಕ್ಷೆಯ ವರದಿ ಉತ್ತರವಲ್ಲ. ಅವಳ ಜೊತೆ ಆ ಸಂಜೆ ಒಂದು ಗಂಟೆ, ಮರುದಿನ ಮತ್ತೊಂದು ಗಂಟೆ ಕೂರುವ ಒಬ್ಬರನ್ನು ಸುತ್ತೋಲೆಯ ವ್ಯವಸ್ಥೆಯಲ್ಲೇ ಸೇರಿಸಬೇಕಿತ್ತು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 1983ರಲ್ಲಿ ಸಾವಿನಂಚಿನಲ್ಲಿರುವವರ ಹಾಸ್ಪಿಸ್ ಆರೈಕೆಗೆ ಹಣ ಕೊಡತೊಡಗಿದಾಗಲೇ ತಂಡದಲ್ಲಿ ಧಾರ್ಮಿಕ ಅಥವಾ ಇತರ ಆಪ್ತಸಮಾಲೋಚಕರು ಇರಲೇಬೇಕೆಂದು ವಿಧಿಸಿತ್ತು.

ಹುದ್ದೆ ಸೃಷ್ಟಿಸಿ ಸುಮ್ಮನಾದರೂ ಸಾಲದು. ಎಚ್‌ಐವಿ ಆಪ್ತಸಮಾಲೋಚಕರ ಹುದ್ದೆಗಳನ್ನು ಸರ್ಕಾರವೇ ಹುಟ್ಟುಹಾಕಿತು. ಅವರು ವರ್ಷಗಟ್ಟಲೆ ಗುತ್ತಿಗೆಯಲ್ಲೇ ಉಳಿದರು. ಚಾಪ್ಲೇನ್‌ಗೆ ಹಿರಿಯ ಹುದ್ದೆ, ಆಮೇಲೆ ತರಬೇತುದಾರರ ಹುದ್ದೆ, ಹೀಗೆ ಮೆಟ್ಟಿಲುಗಳು ಬೇಕು. ಆರಂಭದ ವೇತನ ಮೆಡಿಕಲ್ ಸೋಶಿಯಲ್ ವರ್ಕರ್‌ಗಿಂತ ಕಡಿಮೆ ಇರಬಾರದು. ಈ ತರಬೇತಿಯ ಅನುಭವವಿರುವ ಮಿಷನ್ ಆಸ್ಪತ್ರೆಗಳು ಎಲ್ಲ ಧರ್ಮದವರಿಗೂ ಅದನ್ನು ತೆರೆಯಬೇಕು, ಕನ್ನಡದಲ್ಲೂ ನಡೆಸಬೇಕು. ಪಕ್ಕದ ಖಾಸಗಿ ಆಸ್ಪತ್ರೆಗಳು ಕಲಿತು ಬಂದವರನ್ನು ಕಾಯಂ ಆಗಿ ತೆಗೆದುಕೊಳ್ಳಬೇಕು. ನೇಮಕಾತಿಯ ಪತ್ರದಲ್ಲಿ ರಾತ್ರಿ ಪಾಳಿ, ಅದರ ಭತ್ಯೆ, ವಾರದ ರಜೆ ಮೂರೂ ಸ್ಪಷ್ಟವಾಗಿ ಬರೆದಿರಬೇಕು. ಬೆಳಗಿನ ಜಾವ ಮೂರಕ್ಕೆ ಐಸಿಯುವಿನಿಂದ ಕರೆ ಬಂದಾಗ ಎದ್ದು ಹೋಗುವುದು ಅವರ ಡ್ಯೂಟಿಯ ಲೆಕ್ಕಕ್ಕೆ ಸೇರಬೇಕು.