ಸೂರ್ಯಾಸ್ತದ ಬೆಲೆ

ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಒಂದು ಲಾಟನ್ನು ಕೊಳ್ಳುವವನು ಚೀಲದೊಳಗೆ ಕೈ ಹಾಕಿ ಕಾಳನ್ನು ನೋಡುತ್ತಾನೆ, ತೇವಾಂಶವನ್ನು ಅಳೆಸುತ್ತಾನೆ, ಆಮೇಲೆ ದರ ಮಾತನಾಡುತ್ತಾನೆ. ಅದೇ ಮನುಷ್ಯ ಲಕ್ಷಗಟ್ಟಲೆ ಹಣ ತೆತ್ತು ವಿದೇಶದ ರೆಸಾರ್ಟೊಂದರಲ್ಲಿ ನಾಲ್ಕು ರಾತ್ರಿಗಳನ್ನು ಕೊಳ್ಳುವಾಗ ನೋಡುವುದು ಬಣ್ಣದ ಚಿತ್ರಗಳನ್ನು ಮಾತ್ರ. 2025ರ ಡಿಸೆಂಬರ್‌ನಲ್ಲಿ ಮಾಲ್ಡೀವ್ಸ್‌ಗೆ ಹೋಗಿಬಂದ ದಾವಣಗೆರೆಯ ಶ್ರಾವಕ ಕುಟುಂಬವೊಂದರ ಅನುಭವ ಈ ಕಾರಣಕ್ಕಾಗಿ ವಿಮರ್ಶೆಗೆ ಯೋಗ್ಯವಾಗಿದೆ. ದಂಪತಿಗಳ ವಿವಾಹದ ಇಪ್ಪತ್ತೈದನೆಯ ವರ್ಷದ ನೆಪ. ಜೊತೆಗೆ ಎಪ್ಪತ್ತು ದಾಟಿದ ತಾಯಿ, ಮಗ, ಮಗಳು, ಹರಿಹರದಿಂದ ಬೀಗರು ಇಬ್ಬರು. ಒಟ್ಟು ಏಳು ಮಂದಿ. ರೆಸಾರ್ಟಿನ ಹೆಸರು ಇಲ್ಲಿ ಅನಾವಶ್ಯಕ.

ಆ ದ್ವೀಪಗಳು ಭಾರತದ ವರ್ತಕರಿಗೆ ಅಪರಿಚಿತವಲ್ಲ. ಒಂದು ಕಾಲಕ್ಕೆ ನಾಣ್ಯವಾಗಿ ಚಲಾವಣೆಯಲ್ಲಿದ್ದ ಕವಡೆ ಶತಮಾನಗಳ ಕಾಲ ಅಲ್ಲಿಂದಲೇ ಬಂಗಾಳಕ್ಕೆ ಬರುತ್ತಿತ್ತು. ಅಂದು ಹಣವೇ ಆ ಕಡಲಿನಿಂದ ಬರುತ್ತಿತ್ತು, ಇಂದು ಹಣ ಆ ಕಡಲಿಗೆ ಹೋಗುತ್ತಿದೆ. ಅಲ್ಲಿ ಮೊದಲ ರೆಸಾರ್ಟ್ ಆರಂಭವಾದದ್ದು 1972ರಲ್ಲಿ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಅಲ್ಲಿಯ ರೂಢಿ. ಇದರಿಂದ ಏಕಾಂತ ದೊರೆಯುತ್ತದೆ, ನಿಜ. ಆದರೆ ಬೀದಿಯಿಲ್ಲ, ಅಂಗಡಿಯಿಲ್ಲ, ಇನ್ನೊಂದು ಖಾನಾವಳಿಯಿಲ್ಲ. ಒಬ್ಬನೇ ಮಾರುವವನಿರುವ ಪೇಟೆಯಲ್ಲಿ ಗಿರಾಕಿಯ ಮಾತಿಗೆ ಎಷ್ಟು ತೂಕವಿರುತ್ತದೆಂಬುದನ್ನು ಮಂಡಿಪೇಟೆಯವರಿಗೆ ವಿವರಿಸಬೇಕಾಗಿಲ್ಲ.

ಕರಪತ್ರದಲ್ಲಿ ‘ಜೈನ ಆಹಾರ ಲಭ್ಯ’ ಎಂದಿತ್ತು. ದಲ್ಲಾಳಿಯೂ ಅದನ್ನೇ ಹೇಳಿದ್ದ. ಅಡುಗೆಮನೆಯವರು ಆ ಮಾತನ್ನು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವೆಂದು ತಿಳಿದಿದ್ದರು. ಮೊದಲ ದಿನದ ಪಲ್ಯದಲ್ಲಿ ಆಲೂಗಡ್ಡೆಯಿತ್ತು, ಸಾರಿನಲ್ಲಿ ಗಜ್ಜರಿಯಿತ್ತು. ಕಂದಮೂಲ ವರ್ಜ್ಯವೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಸಾಲಾಗಿಟ್ಟ ಪಾತ್ರೆಗಳಲ್ಲಿ ಮೀನಿನ ಸೌಟೇ ಪಕ್ಕದ ಅನ್ನಕ್ಕೂ ಓಡಾಡುತ್ತಿತ್ತು. ಮೀನೇ ಮುಖ್ಯ ಆಹಾರವಾದ, ತರಕಾರಿಯ ಬಹುಭಾಗ ಹೊರದೇಶದಿಂದ ಬರುವ ನಾಡಿನಲ್ಲಿ ಇದು ಆಶ್ಚರ್ಯವಲ್ಲ. ದೋಷ ಆ ನಾಡಿನದಲ್ಲ. ತಿಳಿಯದ ಮಾತನ್ನು ಕರಪತ್ರದಲ್ಲಿ ಮುದ್ರಿಸಿ ಮಾರಿದವರದು.

ಇದಕ್ಕಿಂತ ಗಂಭೀರವಾದುದು ಹೊತ್ತಿನ ಪ್ರಶ್ನೆ. ಮಾಲ್ಡೀವ್ಸ್‌ನ ಸಮಯ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ಆದರೆ ಅಲ್ಲಿಯ ಅನೇಕ ರೆಸಾರ್ಟುಗಳು ತಮ್ಮ ದ್ವೀಪದ ಗಡಿಯಾರವನ್ನು ರಾಜಧಾನಿ ಮಾಲೆಗಿಂತ ಒಂದು ಗಂಟೆ ಮುಂದಕ್ಕೆ ತಿರುಗಿಸಿಟ್ಟಿರುತ್ತವೆ. ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂಬುದು ಉದ್ದೇಶ. ಭೂಮಧ್ಯರೇಖೆಯ ಸಮೀಪವಿರುವ ಆ ದ್ವೀಪಗಳಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಮಾಲೆಯ ಆರು ಗಂಟೆಯ ಆಸುಪಾಸಿನಲ್ಲಿ, ಅಂದರೆ ದ್ವೀಪದ ಗಡಿಯಾರದಲ್ಲಿ ಏಳು. ಈ ರೆಸಾರ್ಟಿನ ಭೋಜನಶಾಲೆ ರಾತ್ರಿಯೂಟಕ್ಕೆ ತೆರೆಯುತ್ತಿದ್ದುದು ಏಳೂವರೆಗೆ! ಮಧ್ಯಾಹ್ನದ ಊಟ ಎರಡೂವರೆಗೆ ಮುಗಿಯುತ್ತಿತ್ತು. ಗಡಿಯಾರವನ್ನು ತಿರುಗಿಸಬಹುದು, ರಾತ್ರಿಭೋಜನ ತ್ಯಾಗ ಮಾಡಿದವರು ನೋಡುವುದು ಆಕಾಶವನ್ನು. ಆ ಹೊತ್ತಿನಲ್ಲಿ ರೆಸಾರ್ಟ್ ಸೂರ್ಯಾಸ್ತವನ್ನು ಬೇರೆ ಬೇರೆ ರೂಪಗಳಲ್ಲಿ ಮಾರುತ್ತಿತ್ತು: ಸೂರ್ಯಾಸ್ತದ ದೋಣಿವಿಹಾರ, ಸೂರ್ಯಾಸ್ತದ ಪಾನಗೋಷ್ಠಿ, ಸೂರ್ಯಾಸ್ತದ ಮೀನುಬೇಟೆ. ಸಾಮಾಯಿಕದ ವೇಳೆಯಲ್ಲಿ ಗಾಳ ಹಾಕಿ ಜೀವ ತೆಗೆಯುವುದು ವಿನೋದವೆಂದು ಪಟ್ಟಿಯಲ್ಲಿತ್ತು. ಮುಳುಗುವ ಮುನ್ನ ಒಂದು ತಟ್ಟೆ ಅನ್ನ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಮೊದಲೆರಡು ಸಂಜೆ ತಾಯಿಯವರು ದಾವಣಗೆರೆಯ ಭಟ್ಟಿಯಿಂದ ತಂದಿದ್ದ ಮಂಡಕ್ಕಿಯನ್ನು ತಿಂದು ನೀರು ಕುಡಿದು ಮಲಗಿದರು. ಜಲವಿಮಾನದಲ್ಲಿ ತಲಾ ಇಪ್ಪತ್ತು ಕಿಲೋ ಸಾಮಾನಿನ ಮಿತಿಯಿರುವುದರಿಂದ ಮಂಡಕ್ಕಿಯಷ್ಟು ಹಗುರವಾದ ಬುತ್ತಿ ಇನ್ನೊಂದಿಲ್ಲ ಎಂದು ಬೀಗರು ತಮಾಷೆ ಮಾಡಿದರಂತೆ. ತಮಾಷೆ ಸರಿ, ಆದರೆ ಒಂದು ರಾತ್ರಿಗೆ ನೂರಾರು ಡಾಲರ್ ತೆತ್ತ ಕಡೆ ಮನೆಯ ಹಿರಿಯರು ಮಂಡಕ್ಕಿಯ ಮೇಲೆ ಮಲಗಬೇಕಾಯಿತು.

ಇನ್ನು ಲೆಕ್ಕ. ಅಲ್ಲಿಯ ದರಪಟ್ಟಿಗಳಲ್ಲಿ ಬಾಡಿಗೆಯ ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಅಧಿಕ ಚಿಹ್ನೆಗಳಿರುತ್ತವೆ. ಒಂದು ಶೇಕಡಾ 10ರ ಸೇವಾಶುಲ್ಕ; ಇನ್ನೊಂದು ಪ್ರವಾಸೋದ್ಯಮದ ಸರಕು ಮತ್ತು ಸೇವಾ ತೆರಿಗೆ, 2025ರ ಜುಲೈಯಿಂದ ಶೇಕಡಾ 17. ತೆರಿಗೆಯನ್ನು ಸೇವಾಶುಲ್ಕದ ಮೇಲೂ ಹಾಕುವುದರಿಂದ 100 ಡಾಲರ್ ಎಂದು ಬರೆದದ್ದು 127 ಆಗುವುದಿಲ್ಲ, 128 ಡಾಲರ್ 70 ಸೆಂಟ್ ಆಗುತ್ತದೆ. ಅದರ ಮೇಲೆ ಹಸಿರು ತೆರಿಗೆ: 2025ರ ಜನವರಿಯಿಂದ ರೆಸಾರ್ಟುಗಳಲ್ಲಿ ತಲೆಗೆ ರಾತ್ರಿಯೊಂದಕ್ಕೆ 12 ಡಾಲರ್. ಏಳು ಮಂದಿಗೆ ನಾಲ್ಕು ರಾತ್ರಿಗೆ 336 ಡಾಲರ್. ಇವೆಲ್ಲ ಬಹಿರಂಗ ನಿಯಮಗಳು, ಮೋಸವಲ್ಲ. ದಲ್ಲಾಳಿಯ ಅಂದಾಜುಪಟ್ಟಿಯಲ್ಲಿ ಅವು ಕಡೆಯ ಪುಟದ ಸಣ್ಣ ಅಕ್ಷರಗಳಲ್ಲಿದ್ದವು, ಅಷ್ಟೆ.

ಕುಟುಂಬ ಕೊಂಡದ್ದು ‘ಎಲ್ಲವೂ ಸೇರಿದ’ ಯೋಜನೆ. ವಾಣಿಜ್ಯದ ದೃಷ್ಟಿಯಿಂದ ಈ ಮಾತನ್ನು ಬಿಡಿಸಿ ನೋಡಬೇಕು. ಇಂಥ ಯೋಜನೆಯಲ್ಲಿ ಯಾರು ಎಷ್ಟು ಉಂಡರು, ಎಷ್ಟು ಕುಡಿದರು ಎಂದು ಬಿಡಿ ಲೆಕ್ಕವಿಲ್ಲ. ಎಲ್ಲರ ಸೇವನೆಯ ಸರಾಸರಿಯನ್ನು ಎಲ್ಲರ ಮೇಲೂ ಹಂಚಿ ದರ ಕಟ್ಟುತ್ತಾರೆ. ಹೆಚ್ಚು ಸೇವಿಸುವವನಿಗೆ ಲಾಭ, ಮಿತಿಯಲ್ಲಿರುವವನಿಗೆ ನಷ್ಟ. ಮದ್ಯ ಮುಟ್ಟದ, ಮಾಂಸ ಮುಟ್ಟದ, ರಾತ್ರಿ ಉಣ್ಣದ ಏಳು ಜನ ಬಿಟ್ಟದ್ದು ಅವರ ಗಂಟಿನಲ್ಲಿ ಉಳಿಯಲಿಲ್ಲ. ಪಕ್ಕದ ಮೇಜಿನ ಬಾಟಲಿಗೂ ಮೀನಿಗೂ ಖರ್ಚಾಯಿತು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಹೊಣೆಯೇ ಎಂದು ಬಾಲ್ಯದಿಂದ ಕಲಿತವರು ಈ ಖರ್ಚನ್ನು ಯಾವ ಖಾತೆಗೆ ಬರೆಯಬೇಕು? ಕುಟುಂಬದ ಯಜಮಾನರು ಈ ಪ್ರಶ್ನೆಯನ್ನು ಹಿಂದಿರುಗಿದ ಮೇಲೆ ಕೇಳಿಕೊಂಡರು. ಮುಂಗಡ ಕಟ್ಟುವ ಮುನ್ನ ಕೇಳಬೇಕಾದದ್ದು ಅದೇ.

ಸಾಲದ್ದಕ್ಕೆ ಡಿಸೆಂಬರ್ 24ರ ರಾತ್ರಿ ಕ್ರಿಸ್‌ಮಸ್ ಔತಣ. ಅಂದು ಮತ್ತು 31ರಂದು ತಂಗಿರುವ ಅತಿಥಿಗಳಿಂದ ಔತಣದ ಹಣವನ್ನು ಕಡ್ಡಾಯವಾಗಿ ವಸೂಲು ಮಾಡುವುದು ಅಲ್ಲಿಯ ಬಹಳಷ್ಟು ರೆಸಾರ್ಟುಗಳ ಪದ್ಧತಿ. ಏಳು ಮಂದಿಯ ಹಣ ಕಟ್ಟಲಾಯಿತು. ಏಳು ಮಂದಿಯೂ ಕೋಣೆಯಲ್ಲೇ ಉಳಿದರು. ಮಗಳು ಮಾತ್ರ ಸ್ವಲ್ಪ ಹೊತ್ತು ಸಂಗೀತ ಕೇಳಿ ಬಂದಳು. ಅದರಲ್ಲಿ ತಪ್ಪೇನಿಲ್ಲ.

ಪೂಜೆಗೆ ಬಳಸುವ ವಿಗ್ರಹಗಳನ್ನು ಆ ದೇಶದೊಳಗೆ ತರುವುದಕ್ಕೆ ಅಲ್ಲಿಯ ಸುಂಕದ ನಿಯಮಗಳಲ್ಲಿ ನಿಷೇಧವಿದೆ. ನಿತ್ಯ ದರ್ಶನವಿಲ್ಲದೆ ಆಹಾರ ಮುಟ್ಟದ ಹಿರಿಯರಿರುವ ಮನೆಗಳು ಇದನ್ನು ತಿಳಿದಿರಬೇಕು. ಈ ಕುಟುಂಬಕ್ಕೆ ಸಂಬಂಧಿಕರಿಂದ ತಿಳಿದು, ಮನೆಯ ಪುಟ್ಟ ಜಿನಬಿಂಬವನ್ನು ಹರಿಹರದ ಬಂಧುಗಳ ಮನೆಗೆ ಒಪ್ಪಿಸಿ ಹೊರಟರು. ಒಂದು ರಾಷ್ಟ್ರದ ಕಾನೂನನ್ನು ಇಲ್ಲಿ ಕುಳಿತು ದೂರುವುದು ಉಚಿತವಲ್ಲ. ಜೈನ ಗಿರಾಕಿಗಳನ್ನೇ ಹುಡುಕಿಕೊಂಡು ಬರುವ ದಲ್ಲಾಳಿ ಅದನ್ನು ಹೇಳದಿರುವುದು ದೂರಿಗೆ ಯೋಗ್ಯ.

‘ಹರಿಹರದಲ್ಲಿ ತುಂಗಭದ್ರೆಯ ದಡದಲ್ಲೇ ಸೂರ್ಯ ಮುಳುಗುವುದಿಲ್ಲವೇ, ಅಷ್ಟು ದೂರ ಏಕೆ?’ ಎಂದು ಹಿರಿಯರು ಗದರುವುದುಂಟು. ಆ ವಾದ ಪೂರ್ತಿ ಸರಿಯಲ್ಲ. ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ದಾವಣಗೆರೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಅದರ ಇಮ್ಮಡಿ. ದೂರ ಇಂದು ಮೈಲಿಯ ಪ್ರಶ್ನೆಯಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ದಿಗ್ವ್ರತವನ್ನು ವಿವರಿಸುವಾಗ ನದಿ, ಸಮುದ್ರ, ಅಡವಿ, ಬೆಟ್ಟಗಳನ್ನು ಎಲ್ಲೆಯಾಗಿ ಹೇಳುತ್ತದೆ. ಎಲ್ಲೆ ಎಲ್ಲಿರಬೇಕೆಂಬುದನ್ನು ಶ್ರಾವಕನಿಗೇ ಬಿಡುತ್ತದೆ. ಆದರೆ ಅದನ್ನು ಹೊರಡುವ ಮುನ್ನ ಗುರುತಿಸಿಕೊಳ್ಳಬೇಕು. ಅದೇ ಗ್ರಂಥ ಪ್ರಯೋಜನವಿಲ್ಲದೆ ನೀರು, ಬೆಂಕಿಗಳನ್ನು ವ್ಯಯಮಾಡುವುದನ್ನೂ ವ್ಯರ್ಥ ಅಲೆದಾಟವನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸುತ್ತದೆ. ಸಮುದ್ರದ ನೀರನ್ನು ಯಂತ್ರದಿಂದ ಸಿಹಿ ಮಾಡಿ, ಡೀಸೆಲ್ ಸುಟ್ಟು ವಿದ್ಯುತ್ ಮಾಡಿ, ಆ ನೀರನ್ನು ಕೋಣೆಗೊಂದು ಈಜುಕೊಳಕ್ಕೆ ತುಂಬುವ ದ್ವೀಪದಲ್ಲಿ ಈ ಮಾತು ನೆನಪಾಗದಿರದು. ಹಾಗೆ ಉತ್ಪತ್ತಿಯಾಗುವ ಕಸಕ್ಕೆಂದೇ ಮಾಲೆಯ ಬಳಿ 1992ರಿಂದ ತಿಲಫುಶಿ ಎಂಬ ಬೇರೆ ದ್ವೀಪವೇ ಬೆಳೆದಿದೆ.

ಯಾತ್ರೆ, ಪ್ರವಾಸ ಏರ್ಪಡಿಸುವ ಟ್ರಸ್ಟುಗಳು ವಿದೇಶಕ್ಕೆ ತಂಡ ಕಳುಹಿಸುವ ಯೋಚನೆಯಿದ್ದರೆ ಊಟದ ಗಂಟೆಯನ್ನು ಸೂರ್ಯಾಸ್ತದ ಲೆಕ್ಕದಲ್ಲಿ, ಪ್ರತ್ಯೇಕ ಪಾತ್ರೆಯನ್ನು, ವರ್ಜ್ಯ ಪದಾರ್ಥಗಳ ಹೆಸರುಗಳನ್ನು ರೆಸಾರ್ಟಿನಿಂದಲೇ ಬರವಣಿಗೆಯಲ್ಲಿ ಪಡೆಯಬೇಕು. ದಲ್ಲಾಳಿಯ ಬಾಯಿಮಾತು ಸಾಲದು. ಅದು ಅಸಾಧ್ಯವೂ ಅಲ್ಲ. ಮೂರನೆಯ ದಿನ ತಾಯಿಯವರು ಮಗನನ್ನು ಕರೆದುಕೊಂಡು ಅಡುಗೆಮನೆಯ ಬಾಗಿಲಿಗೇ ಹೋದರು. ಅಲ್ಲಿದ್ದ ಮಲಯಾಳಿ ಅಡುಗೆಯವರೊಬ್ಬರು ಅರ್ಧ ಮಾತಿಗೇ ವಿಷಯ ಗ್ರಹಿಸಿದರು. ಅಂದಿನಿಂದ ದ್ವೀಪದ ಗಡಿಯಾರದ ಆರು ಗಂಟೆಗೆ, ಬೇರೆ ಪಾತ್ರೆಯಲ್ಲಿ ಮಾಡಿದ ಅನ್ನ, ತೊವ್ವೆ, ಬೀನ್ಸ್ ಪಲ್ಯ ಕೋಣೆಗೆ ಬಂದವು.

ಬಿಲ್ಲಿನಲ್ಲಿ ಅದಕ್ಕೆ ಕೋಣೆಗೆ ತಲುಪಿಸಿದ ಶುಲ್ಕ, ಅದರ ಮೇಲೆ ಸೇವಾಶುಲ್ಕ ಮತ್ತು ತೆರಿಗೆ ಬಿದ್ದಿತ್ತು. ಔತಣದ ಹಣವನ್ನಾದರೂ ಮರಳಿಸಬೇಕೆಂದು ಹರಿಹರದ ಬೀಗರು ದಲ್ಲಾಳಿಗೆ ಬರೆದರು. ಅತಿಥಿಗಳು ತಾವಾಗಿಯೇ ಹಾಜರಾಗಲಿಲ್ಲವಾದ್ದರಿಂದ ಮರುಪಾವತಿ ಇಲ್ಲವೆಂದು ಉತ್ತರ ಬಂದಿದೆ.